ಮೂರನೇ ಸಾಲಿನ ಹಸಿರು

ಮಾರ್ಚ್ 4, ಸೋಮವಾರ

ಯೂನಿಫಾರಂ ಆರ್ಡರು ಮುಗಿಯುವ ಹಾಗೆ ಕಾಣುತ್ತಿಲ್ಲ. ಗುಂಡಿಗೆ ಕಾಜ ಹಾಕುವ ಮಿಷನ್ನು ಮತ್ತೆ ಕೈ ಕೊಟ್ಟಿತು. ಕೈಯಲ್ಲೇ ಹಾಕುತ್ತಾ ಕೂತೆ. ಕಣ್ಣು ಉರಿ. ಶಾಲೆಯವರದು ಫೋನಿನ ಮೇಲೆ ಫೋನು — ‘ಮಾಸ್ಟ್ರೇ, ಇನ್ನೂ ಎಷ್ಟು ದಿನ?’ ಮಕ್ಕಳೇನು ಬಟ್ಟೆಯಿಲ್ಲದೆ ಶಾಲೆಗೆ ಹೋಗುತ್ತಿದ್ದಾರಾ!

ಮಧ್ಯಾಹ್ನ ಇವಳು ಅಂಗಡಿ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಮಾವನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ಆಪರೇಷನ್ ಆಗಬೇಕಂತೆ. ಇವತ್ತೇ ಹೊರಡು ಎಂದೆ. ‘ಹೊರಡ್ತೀನಿ ರೀ, ಆದ್ರೆ ಗಿಡ?’ ಎಂದಳು.

ಅಪ್ಪ ಆಸ್ಪತ್ರೆಯಲ್ಲಿ, ಮಗಳಿಗೆ ಗಿಡದ ಚಿಂತೆ... ನಗಬಾರದು. ಓದು ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು, ತಲೆಕೂದಲು ಬೆಳ್ಳಗಾಗಲು ಶುರುವಾದ ಮೇಲೆ ಡಾಕ್ಟರೇಟು ಮಾಡುತ್ತಿದ್ದಾಳೆ. ಈ ಗಿಡಗಳೇ ಇವಳ ಕೊನೆಯ ಪ್ರಯೋಗ. ಸರಿಹೋದರೆ ಸಮಿತಿಯ ಮುಂದೆ ಹೋಗುತ್ತಾಳೆ. ಇಲ್ಲವಾದರೆ ಇಷ್ಟು ವರ್ಷದ್ದೂ ನೀರಿನಲ್ಲಿ ಹೋಮ.

‘ನಾನಿಲ್ವಾ?’ ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಮಾರ್ಚ್ 5, ಮಂಗಳವಾರ. ಸಂಜೆ

ಗಾಜಿನ ಮನೆಯ ಪಾಠ ಆಯಿತು. ಇವಳು ಓದುವ ಸಂಸ್ಥೆಗೆ ರಜೆ, ನೀರು ಹಾಕುವವನೂ ಇಲ್ಲ. ದೊಡ್ಡ ಮೇಡಂ — ಇವಳ ಗೈಡು — ನನ್ನ ಹೆಸರಿಗೆ ಪಾಸು ಕೊಟ್ಟರು. ‘ಟೈಲರ್ ಅಂದ್ಮೇಲೆ ಅಳತೆ ತಪ್ಪಲ್ಲ ಬಿಡಿ’ ಎಂದರು. ಎದೆ ಉಬ್ಬಿತು, ಸುಳ್ಳೇಕೆ.

ಸಂಸ್ಥೆಯ ತಾರಸಿಯ ಮೇಲಿದೆ ಅದು. ಒಳಗೆ ಕಾಲಿಟ್ಟರೆ ಇಸ್ತ್ರಿ ಪೆಟ್ಟಿಗೆಯೊಳಗೆ ಕೂತ ಹಾಗೆ. ಮೂರು ಸಾಲು ಕುಂಡ. ಮಣ್ಣಿಲ್ಲ, ಬರೀ ತೊಳೆದ ಮರಳು. ಎಲ್ಲದರಲ್ಲೂ ಅಲಸಂದೆ ಗಿಡ, ಎಲ್ಲವೂ ಒಂದೇ ಎತ್ತರ.

ಮೊದಲ ಸಾಲಿಗೆ ನೀಲಿ ಮುಚ್ಚಳದ ಕ್ಯಾನು. ಅದರಲ್ಲಿ ನೈಟ್ರೇಟ್ ಕರಗಿಸಿದೆ, ಅಂದರೆ ಗಿಡ ನೇರವಾಗಿ ಹೀರಿಕೊಳ್ಳಬಹುದಾದ ಸಾರಜನಕ. ಎರಡನೆಯದಕ್ಕೂ ಮೂರನೆಯದಕ್ಕೂ ಬಿಳಿ ಮುಚ್ಚಳದ್ದು. ಅದರಲ್ಲಿ ಉಳಿದ ಲವಣವೆಲ್ಲ ಇದೆ, ಸಾರಜನಕ ಒಂದಿಲ್ಲ. ಎರಡನೇ ಸಾಲಿನ ಬೀಜಕ್ಕೆ ಮಾತ್ರ ಇವಳು ಸಾಕಿದ ಬ್ಯಾಕ್ಟೀರಿಯಾ ಸವರಿದ್ದಾಳೆ.

‘ಹಾಗಾದ್ರೆ ಆ ಸಾಲು ಸಾರಜನಕಕ್ಕೆ ಎಲ್ಲಿಗೆ ಹೋಗ್ಬೇಕು?’ ಎಂದು ಕೇಳಿದೆ.

‘ಗಾಳಿಗೆ! ಗಾಳೀಲಿ ಐದರಲ್ಲಿ ನಾಲ್ಕು ಪಾಲು ಅದೇ ಇರೋದು. ಆದ್ರೆ ಜೋಡಿ ಜೋಡಿಯಾಗಿ ಬಿಗಿದುಕೊಂಡಿರುತ್ತೆ. ಗಿಡಕ್ಕೆ ಬಿಡಿಸೋಕೆ ಬರಲ್ಲ.’

‘ಅಂದ್ರೆ ಅಂಗಡಿ ತುಂಬ ಬಟ್ಟೆ ಥಾನು, ಕತ್ತರಿ ಮಾತ್ರ ಇಲ್ಲ.’

‘ಹಾಂ ರೀ! ಕತ್ತರಿ ಇರೋದು ಬ್ಯಾಕ್ಟೀರಿಯಾ ಹತ್ರ. ಬೇರಲ್ಲಿ ಗಂಟು ಕಟ್ಟಿ ಗಿಡ ಅದಕ್ಕೆ ಮನೆ ಮಾಡ್ಕೊಡುತ್ತೆ, ಸಕ್ಕರೆ ಕೊಡುತ್ತೆ. ಅದು ಗಾಳಿಯ ನೈಟ್ರೋಜನ್ನನ್ನ ಬಿಡಿಸಿ ಅಮೋನಿಯಾ ಮಾಡಿ ವಾಪಸ್ ಕೊಡುತ್ತೆ. ಗಿಡ ಅದನ್ನ ತನ್ನ ಸಕ್ಕರೆಯಿಂದ ಬಂದದ್ದಕ್ಕೆ ಜೋಡಿಸಿ ಅಮೈನೋ ಆಮ್ಲ ಮಾಡ್ಕೊಳ್ಳುತ್ತೆ. ಅದರಿಂದ ಪ್ರೋಟೀನು. ಎಲೆ ಹಸಿರಾಗಿರೋಕೂ ಅದೇ ಬೇಕು.’

ಇದನ್ನು ಹೇಳುವಾಗ ಇವಳ ಮುಖ ನೋಡಬೇಕು. ಅಪ್ಪನ ಆಪರೇಷನ್ನೂ ಒಂದು ಗಳಿಗೆ ಮರೆತಿದ್ದಳು.

ಸರಿ, ಮೂರನೇ ಸಾಲು ಯಾಕೆ, ಅದಕ್ಕೆ ಬ್ಯಾಕ್ಟೀರಿಯಾವೂ ಇಲ್ಲ ನೈಟ್ರೇಟೂ ಇಲ್ಲ ಎಂದು ಕೇಳುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮಾತು ಅಲ್ಲಿಗೇ ನಿಂತಿತು.

ಮಾರ್ಚ್ 6, ಬುಧವಾರ

ಹೊರಟಳು. ಬಸ್ಸು ಹೊರಟ ಮೇಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ ‘ನೀಲಿ ಒಂದನೇ ಸಾಲಿಗೆ ಮಾತ್ರ!’ ಎಂದು ಕೂಗಿದಳು. ಸ್ಟ್ಯಾಂಡಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿ ಇವಳಿಗೆ ನನ್ನ ಮೇಲೆ ನಂಬಿಕೆ ಇಲ್ಲವಾ ಎಂದು ಸಿಟ್ಟು ಬಂತು.

ಮಾರ್ಚ್ 11, ಸೋಮವಾರ

ಥೂ ನನ್ನ ಜನ್ಮಕ್ಕೆ.

ಶನಿವಾರ ಹೋಗಲಿಲ್ಲ. ಯೂನಿಫಾರಂ ರಾಶಿ ಎದುರಿಗಿತ್ತು, ಸಂಜೆ ಹೋದರಾಯಿತು ಎಂದುಕೊಂಡೆ. ಸಂಜೆಯಾಯಿತು, ಕತ್ತಲೂ ಆಯಿತು. ಭಾನುವಾರ ಮಧ್ಯಾಹ್ನ ಕಟಿಂಗ್ ಟೇಬಲ್ಲಿನ ಮೇಲೇ ಮಲಗಿಬಿಟ್ಟೆ. ಇವತ್ತು ಬೆಳಿಗ್ಗೆ ಓಡಿದೆ. ಗಿಡಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ಬಿಳಿಯದು ಬಿಳಿಗೆ, ನೀಲಿಯದು ನೀಲಿಗೆ, ಸರಿಯಾಗಿಯೇ ಹಾಕಿದೆ. ಮಧ್ಯಾಹ್ನ ಮತ್ತೆ ಹೋಗಿ ನೋಡಿದೆ. ಎದ್ದು ನಿಂತಿದ್ದವು. ಬದುಕಿದೆಯಾ ಬಡಜೀವವೇ!

ಇವಳು ಫೋನು ಮಾಡಿದ್ದಳು. ಮಾವನಿಗೆ ಆಪರೇಷನ್ ಚೆನ್ನಾಗಿ ಆಯಿತು. ‘ಗಿಡ?’ ‘ದಿನಾ ಹಾಕ್ತಿದೀನಿ.’ ಸಲೀಸಾಗಿ ಬಂತು ಮಾತು.

ಮಾರ್ಚ್ 13, ಬುಧವಾರ

ಮೂರನೇ ಸಾಲು ಹಳದಿ.

ಸಂಜೆಯ ಬೆಳಕೇನೋ ಎಂದುಕೊಂಡೆ. ಹತ್ತಿರ ಹೋದೆ. ಅಲ್ಲ. ಕೆಳಗಿನ ಎಲೆಗಳು ನಿಂಬೆಹಣ್ಣಿನ ಬಣ್ಣ. ಮೇಲಿನವೂ ಬಿಳಿಚಿಕೊಂಡಿವೆ. ಬಟ್ಟೆ ಬಣ್ಣ ಬಿಟ್ಟರೆ ಅರೆಕಣ್ಣಲ್ಲಿ ಹೇಳುವವನು ನಾನು, ಈ ಬಣ್ಣ ನನಗೆ ತಪ್ಪುವುದಿಲ್ಲ. ಮೊದಲ ಸಾಲೂ ಎರಡನೆಯದೂ ಹಚ್ಚಗಿವೆ. ಮೂರನೆಯದು ಬಿಸಿಲಿನ ಕಡೆ ಇದೆ. ಆ ಎರಡು ದಿನ ಅದಕ್ಕೇ ಹೆಚ್ಚು ಹೊಡೆತ ಬಿದ್ದಿದೆ. ನಾನು ಮಾಡಿದ್ದು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅಪ್ಪನ ಹಾಸಿಗೆಯ ಪಕ್ಕ ಕೂತವಳಿಗೆ ಏನೆಂದು ಹೇಳಲಿ? ‘ಎಲ್ಲ ಚೆನ್ನಾಗಿವೆ’ ಎಂದೆ.

ಮಾರ್ಚ್ 14, ಗುರುವಾರ

ಹಾಕಿದೆ.

ನೀಲಿ ಕ್ಯಾನಿನದು ಮೂರನೇ ಸಾಲಿಗೆ. ಸೊರಗಿದ ಮಗುವಿಗೆ ಒಂದು ಚಮಚ ಟಾನಿಕ್ ಎಂದುಕೊಂಡು ಪ್ರತಿ ಕುಂಡಕ್ಕೂ ಸ್ವಲ್ಪ ಸ್ವಲ್ಪ. ಚೇತರಿಸಿಕೊಂಡ ಮೇಲೆ ಮತ್ತೆ ಬಿಳಿಯದೇ ಹಾಕಿದರಾಯಿತು, ಯಾರಿಗೆ ಗೊತ್ತಾಗುತ್ತೆ. ಹಾಕುವಾಗ ಬಾಗಿಲ ಕಡೆ ತಿರುಗಿ ತಿರುಗಿ ನೋಡಿದೆ. ರಜೆಯ ಕಟ್ಟಡ, ನರಪಿಳ್ಳೆ ಇಲ್ಲ.

ಮಾರ್ಚ್ 18, ಸೋಮವಾರ

ಮತ್ತೆರಡು ಸಲ ಕೊಟ್ಟೆ. ಹೊಸ ಎಲೆ ಹಸಿರಾಗಿ ಬರುತ್ತಿದೆ! ಬಾಯಿಬಿಟ್ಟು ನಕ್ಕೆ, ಒಬ್ಬನೇ. ಅಂಗಡಿಗೆ ಬಂದು ಎರಡು ಪ್ಯಾಂಟು ಒಂದೇ ಸಮನೆ ಹೊಲಿದೆ. ಕೆಳಮನೆಯಲ್ಲಿರುವ ನನ್ನ ಅಕ್ಕ ಕಾಫಿ ತಂದುಕೊಟ್ಟು ‘ಏನೋ, ಲಾಟರಿ ಹೊಡೀತಾ? ಮುಖ ಇಷ್ಟಗಲ ಆಗಿದೆ’ ಎಂದಳು. ‘ಒಂದು ಜೀವ ಉಳಿಸಿದೆ ಅಕ್ಕಾ’ ಎಂದೆ.

ಮಾರ್ಚ್ 23, ಶನಿವಾರ

ಇವಳು ನಾಳೆ ಬರುತ್ತಾಳೆ. ಮೂರನೇ ಸಾಲು ಪೂರ್ತಿ ಹಸಿರು, ಕೆಳಗಿನ ಕೆಲವು ಎಲೆ ಬಿಟ್ಟು. ಅವನ್ನು ಚಿವುಟಿ ಜೇಬಿಗೆ ಹಾಕಿಕೊಂಡೆ. ಬಟ್ಟೆ ಕೊಡುವ ಮುಂಚೆ ಅಂಚಿನ ದಾರ ಕತ್ತರಿಸುವುದಿಲ್ಲವೇ, ಹಾಗೆ.

ಮಾರ್ಚ್ 24, ಭಾನುವಾರ

ಬಸ್ಸಿನಿಂದ ಇಳಿದವಳು ಮನೆಗೆ ಬರಲಿಲ್ಲ, ಬ್ಯಾಗು ಸಮೇತ ಗಾಜಿನ ಮನೆಗೇ ನಡೆದಳು. ನಾನು ಹಿಂದೆ ಹಿಂದೆ. ಬೆನ್ನು ತಟ್ಟುತ್ತಾಳೆ ಎಂಬ ಆಸೆ ಬೇರೆ.

ಬಾಗಿಲು ತೆಗೆದಳು. ಎರಡನೇ ಸಾಲು ನೋಡಿ ನಕ್ಕಳು. ಆಮೇಲೆ ಮೂರನೆಯದನ್ನು ನೋಡಿದಳು. ನಗು ಅಲ್ಲೇ ನಿಂತುಹೋಯಿತು.

‘ಇದು ಯಾಕೆ ಹಸಿರಾಗಿದೆ?’

ಹಸಿರಾಗಿರುವುದಕ್ಕೆ ಕಾರಣ ಕೇಳುತ್ತಾರಾ ಯಾರಾದರೂ! ‘ಚೆನ್ನಾಗಿ ನೋಡ್ಕೊಂಡೆ, ಅದಕ್ಕೆ’ ಎಂದೆ.

‘ಇದು ಹಳದಿ ಆಗ್ಬೇಕಿತ್ತು ರೀ. ಬ್ಯಾಕ್ಟೀರಿಯಾನೂ ಇಲ್ಲ, ನೈಟ್ರೇಟೂ ಇಲ್ಲ. ಬೀಜದಲ್ಲಿದ್ದದ್ದು ಖರ್ಚಾದ ಮೇಲೆ ಗಿಡಕ್ಕೆ ಎಲ್ಲಿಂದ ಬರ್ಬೇಕು? ಹೊಸ ಎಲೆಗೆ ಬೇಕು ಅಂತ ಹಳೇ ಎಲೆಯಿಂದ ಕಿತ್ಕೊಳ್ಳುತ್ತೆ. ಕೆಳಗಿನಿಂದ ಹಳದಿ ಆಗ್ತಾ ಬರುತ್ತೆ. ಅದು ಹಾಗೆ ಆದ್ರೇನೇ ಎರಡನೇ ಸಾಲು ಗಾಳಿಯಿಂದ ತಗೊಂಡಿದೆ ಅಂತ ಹೇಳೋಕಾಗೋದು.’

ಅಂದರೆ ಆ ಹಳದಿ... ಆಗಬೇಕಾದದ್ದು. ನಾನು ಮಾಡಿದ್ದಲ್ಲ.

‘ನೀಲಿ ಕ್ಯಾನಿನದು ಇದಕ್ಕೇನಾದ್ರೂ ಬಿತ್ತಾ? ತಪ್ಪಿ? ನೆನಪು ಮಾಡ್ಕೊಳ್ಳಿ.’

ಆಗ ಹೇಳಬೇಕಿತ್ತು. ಅವಳೇ ಬಾಗಿಲು ತೆರೆದುಕೊಟ್ಟಿದ್ದಳು. ಹೇಳಿದರೆ ಮೊದಲು ಆ ಶನಿವಾರ ಭಾನುವಾರದ ಕಥೆ ಬರುತ್ತೆ, ಫೋನಿನ ಕಥೆ ಬರುತ್ತೆ. ‘ಇಲ್ವೇ ಇಲ್ಲ ಕಣೇ. ನಾನೇನು ಚಿಕ್ಕ ಮಗುವಾ?’ ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವುದು ಹೀಗೆಯೇ.

ನನ್ನನ್ನೇ ನೋಡಿದಳು. ‘ಇಲ್ಲ ಬಿಡಿ, ನೀವು ಅಳತೆ ತಪ್ಪೋರಲ್ಲ’ ಎಂದಳು.

ಮಾರ್ಚ್ 25, ಸೋಮವಾರ

ಗಿಡ ಕಿತ್ತು ಬೇರು ತೊಳೆದಳು. ಎರಡನೇ ಸಾಲಿನ ಬೇರಿನಲ್ಲಿ ಸಾಸಿವೆಯಷ್ಟು, ಮೆಣಸಿನಷ್ಟು ದಪ್ಪ ಗಂಟುಗಳು. ಒಂದನ್ನು ಬ್ಲೇಡಿನಲ್ಲಿ ಸೀಳಿ ತೋರಿಸಿದಳು. ಒಳಗೆ ನಸುಗೆಂಪು. ‘ಕೆಲಸ ಮಾಡ್ತಿರೋ ಗಂಟು ಹೀಗೇ ಇರುತ್ತೆ. ನಮ್ಮ ರಕ್ತದ ಬಣ್ಣದ ಜಾತೀದೇ ಇದೂ’ ಎಂದಳು.

ಮೂರನೇ ಸಾಲಿನ ಬೇರು ತೊಳೆದಳು. ತಿರುಗಿಸಿ ನೋಡಿದಳು. ಇನ್ನೊಂದು ಗಿಡ. ಇನ್ನೊಂದು. ಒಂದು ಗಂಟೂ ಇಲ್ಲ. ಬ್ಯಾಕ್ಟೀರಿಯಾ ನುಸುಳಿದ್ದರೆ ಗಂಟು ಇರಬೇಕಿತ್ತಂತೆ.

‘ಗಂಟೂ ಇಲ್ಲ, ನೈಟ್ರೇಟೂ ಬಿದ್ದಿಲ್ಲ, ಆದ್ರೂ ಹಸಿರು...’ ಅಲ್ಲೇ ಸ್ಟೂಲಿನ ಮೇಲೆ ಕೂತಳು. ‘ರೀ, ಗಂಟಿಲ್ಲದೆ ಗಿಡದ ಒಳಗೇ ಇದ್ಕೊಂಡು ಕೆಲಸ ಮಾಡೋ ಬ್ಯಾಕ್ಟೀರಿಯಾನೂ ಇರುತ್ವೆ. ಅಲಸಂದೆ ಬೀಜದಲ್ಲೇ ಅಂಥದ್ದೇನಾದ್ರೂ ಇದ್ರೆ?’ ತೊಳೆದ ಬೇರನ್ನು ಮತ್ತೆ ಕೈಗೆತ್ತಿಕೊಂಡಳು. ‘ಮೊದಲು ಮರಳು ಟೆಸ್ಟ್ ಮಾಡ್ಬೇಕು. ಅದರಲ್ಲಿ ನೈಟ್ರೇಟ್ ಉಳಿದಿದ್ರೆ ಗೊತ್ತಾಗುತ್ತೆ. ನಾಳೆ ಮಾಡ್ತೀನಿ.’

ಇದನ್ನು ಬರೆಯಲು ನಾಚಿಕೆಯಾಗುತ್ತೆ. ಬರೆಯುತ್ತೇನೆ. ಇವಳು ಮನೆಗೆ ಹೋದ ಮೇಲೆ ಮೂರನೇ ಸಾಲಿನ ಕುಂಡಗಳ ಮರಳನ್ನೆಲ್ಲ ಬಕೆಟ್ಟಿಗೆ ಸುರಿದೆ. ನಲ್ಲಿ ಬಿಟ್ಟು ತೊಳೆದೆ. ನೀರು ತಿಳಿಯಾಗುವ ತನಕ ತೊಳೆದೆ. ತಿಳಿದೂ ತಿಳಿದೂ ತೊಳೆದೆ.

ಮಾರ್ಚ್ 26, ಮಂಗಳವಾರ

‘ಮರಳೆಲ್ಲಿ ರೀ?’

‘ತೊಳೆದು ಒಣಗಿಸಿದೀನಿ. ನಿನಗೆ ಕೆಲಸ ಉಳೀಲಿ ಅಂತ.’

ಖಾಲಿ ಕುಂಡಗಳನ್ನು ನೋಡಿದಳು. ಆಮೇಲೆ ‘ಅಯ್ಯೋ, ಎಷ್ಟು ಮಾಡ್ತೀರಿ ನನಗೋಸ್ಕರ’ ಎಂದು ನನ್ನ ಕೈ ಹಿಡಿದುಕೊಂಡಳು. ಮರಳು ಉಜ್ಜಿ ಬೆರಳ ತುದಿ ಸುಲಿದಿತ್ತು. ಅದನ್ನು ನೋಡಿ ಎಣ್ಣೆ ಹಚ್ಚಿದಳು. ಬೆಂಕಿ ಹಚ್ಚಿದ್ದರೆ ಚೆನ್ನಾಗಿತ್ತು.

ಮಾರ್ಚ್ 29, ಶುಕ್ರವಾರ

ದೊಡ್ಡ ಮೇಡಂಗೆ ಹೇಳಿದಳು. ಅವರೂ ಕುರ್ಚಿಯಿಂದ ಎದ್ದುಬಿಟ್ಟರಂತೆ. ಇನ್ನೊಂದು ಸಲ ಹಾಗೇ ಬಂದರೆ ಸಮಿತಿಯ ಮುಂದೆ ಇದನ್ನೇ ಇಡೋಣ ಎಂದರಂತೆ. ಆಗಲೇ ಇಬ್ಬರು ಮೂವರು ಸದಸ್ಯರಿಗೆ ಫೋನೂ ಮಾಡಿದ್ದಾರೆ.

ನೀರು ಹಾಕಿದ್ದು ಯಾರು, ನಂಬಬಹುದಾ ಎಂದು ಕೇಳಿದರಂತೆ. ‘ನಮ್ಮನೆಯವರನ್ನ ನಂಬದೆ ಇನ್ಯಾರನ್ನ ನಂಬೋದು ಅಂದೆ’ — ಇವಳು ಇದನ್ನು ಊಟ ಬಡಿಸುತ್ತಾ ಹೇಳಿದಳು. ಹೊಗಳಿ ಹೊನ್ನಶೂಲಕ್ಕೇರಿಸುವುದು ಅಂದರೆ ಇದೇ.

‘ಎರಡನೇ ಸಲ ಮಾಡುವಾಗ ಎಲ್ಲಾನೂ ಮೊದಲಿನ ಹಾಗೇ ಇರ್ಬೇಕು ರೀ. ಅದೇ ಬೀಜ, ಅದೇ ಮರಳು, ಅದೇ ಜಾಗ. ನೀರು ಹಾಕೋ ಕೈನೂ ಅದೇ. ನಾನು ಒಳಗೆ ಕಾಲಿಡಲ್ಲ. ನೀವೇ ಹಾಕ್ಬೇಕು.’

ಏಪ್ರಿಲ್ 12, ಶುಕ್ರವಾರ

ಹತ್ತಿರ ಹತ್ತಿರ ಎರಡು ವಾರ ಏನೂ ಬರೆದಿಲ್ಲ. ಬರೆಯಲು ಪುಸ್ತಕ ತೆಗೆದರೆ ಮೇಲಿನ ಪುಟ ಕಣ್ಣಿಗೆ ಬೀಳುತ್ತೆ.

ಇವಳು ಎರಡನೇ ಸಲಕ್ಕೆ ಬೀಜ ಹಾಕಿಕೊಟ್ಟು ಹೊರಗೇ ಉಳಿದಿದ್ದಾಳೆ. ದಿನಾ ನಾನೇ ಹೋಗುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಗೇಟಿನ ವಾಚ್‌ಮನ್ ‘ಬನ್ನಿ ವಿಜ್ಞಾನಿಗಳೇ’ ಎಂದು ಸಲಾಮು ಹೊಡೆಯುತ್ತಾನೆ. ತಮಾಷೆಗೆ. ನನಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಗುತ್ತೆ.

ಏಪ್ರಿಲ್ 16, ಮಂಗಳವಾರ

ಮೂರನೇ ಸಾಲಿನ ಕೆಳಗಿನ ಎಲೆ ಬಣ್ಣ ಬಿಡುತ್ತಿದೆ. ನೋಡುತ್ತಾ ನಿಂತೆ.

ನೀಲಿ ಕ್ಯಾನು ಕೈಯಲ್ಲಿತ್ತು. ಮೊದಲ ಸಾಲು ಮುಗಿದು ಇನ್ನೂ ಉಳಿದಿತ್ತು. ಒಂದು ಹನಿ ಬಗ್ಗಿಸಿದರೆ ಸಾಕು, ಇವಳ ಸಂತೋಷ ಉಳಿಯುತ್ತೆ, ನನ್ನ ಮಾನವೂ ಉಳಿಯುತ್ತೆ. ಆಮೇಲೆ ಇವಳು ಇಲ್ಲದ ಒಂದನ್ನು ಹಿಡಿದು ಊರೂರು ತಿರುಗುತ್ತಾಳೆ. ಬೇರೆಯವರು ಮಾಡಿ ನೋಡುತ್ತಾರೆ. ಅವರ ಕೈಯಲ್ಲಿ ಹಳದಿಯಾಗುತ್ತೆ. ಆಗ ಇವಳನ್ನು ಸುಳ್ಳಿ ಎನ್ನುತ್ತಾರೆ. ಇವಳನ್ನು!

ಮುಚ್ಚಳ ಹಾಕಿಬಿಟ್ಟೆ. ಬಿಳಿಯದನ್ನೇ ಹಾಕಿ ಬಂದೆ. ಹಳದಿಯಾಗಲಿ. ಗಿಡವೇ ಹೇಳಿಬಿಡಲಿ ನಿಜವನ್ನ, ನಾನು ಹೇಳುವುದು ತಪ್ಪುತ್ತೆ — ಹೀಗೂ ಒಂದು ಲೆಕ್ಕ. ಹೇಡಿಯ ಲೆಕ್ಕ.

ಏಪ್ರಿಲ್ 22, ಸೋಮವಾರ

ಇವತ್ತು ಇವಳು ಒಳಗೆ ಬಂದಳು. ಮೂರನೇ ಸಾಲು ಪೂರ್ತಿ ಹಳದಿ. ಒಂದು ಎಲೆ ಮುಟ್ಟಿದಳು, ಉದುರಿತು.

ಅಂತೂ ಮುಗಿಯಿತು, ಮೊದಲನೆಯದು ಏನೋ ತಪ್ಪಾಗಿತ್ತು ಎಂದು ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ಇವಳನ್ನು ಇಷ್ಟು ವರ್ಷದಲ್ಲಿ ನಾನು ತಿಳಿದುಕೊಂಡದ್ದು ಇಷ್ಟೇನಾ?

‘ಏನೋ ಬದಲಾಗಿದೆ. ಹುಡುಕ್ತೀನಿ’ ಎಂದಳು.

ಏಪ್ರಿಲ್ 25, ಗುರುವಾರ

ಹುಡುಕುತ್ತಿದ್ದಾಳೆ. ಟ್ಯಾಂಕಿನ ನೀರು ಬದಲಾಯಿತಾ? ಬೀಜದ ಚೀಲ ಬೇರೆಯಾ? ಗಾಜಿಗೆ ಧೂಳು ಕೂತಿದೆಯಾ? ಬಿಸಿಲು ಹೆಚ್ಚಾಯಿತಾ? ಟ್ಯಾಂಕು ತೊಳೆಯುವವನನ್ನು ಕರೆಸಿ ವಿಚಾರಿಸಿದಳು, ಪಾಪ ಅವನು ಕೈ ಮುಗಿದು ನಿಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೀಜ ಇಟ್ಟ ಫ್ರಿಜ್ಜನ್ನೂ ಬಿಡಲಿಲ್ಲ. ತನ್ನ ಕೈಯನ್ನೂ ಅನುಮಾನಿಸಿದಳು, ಬೀಜ ತೊಳೆಯುವಾಗ ಮದ್ದು ಹೆಚ್ಚಾಗಿ ಒಳಗಿನ ಬ್ಯಾಕ್ಟೀರಿಯಾನ ನಾನೇ ಕೊಂದೆನಾ ಎಂದು. ಎಲ್ಲವನ್ನೂ ಅನುಮಾನಿಸಿದಳು, ನನ್ನೊಬ್ಬನನ್ನು ಬಿಟ್ಟು.

ಸರಿಯಾಗಿ ಉಣ್ಣುತ್ತಿಲ್ಲ. ಸೋಮವಾರ ಸಮಿತಿ.

ಏಪ್ರಿಲ್ 27, ಶನಿವಾರ

ಅಕ್ಕನಿಗೆ ಹೇಳಿದೆ. ಅವಳ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲಾ ಹೇಳಿದೆ. ಗದರಿಸುತ್ತಾಳೆ ಎಂದುಕೊಂಡಿದ್ದೆ. ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಂಡಳು.

‘ಯಾರ ಹತ್ರ ಹೇಳ್ಬೇಕೋ ಅವಳು ಮಹಡಿ ಮೇಲಿದಾಳೆ. ನನ್ನ ಹತ್ರ ಯಾಕೋ ಹೇಳ್ತೀಯಾ?’

‘ನೀನೇ ಹೇಳಿಬಿಡು ಅಕ್ಕಾ.’

‘ನಾಚಿಕೆ ಆಗಲ್ವೇನೋ ನಿನಗೆ! ಚಿಕ್ಕವನಿದ್ದಾಗ ಗಾಜು ಒಡೆದು ನನ್ನ ಹಿಂದೆ ಬಚ್ಚಿಟ್ಕೊಳ್ತಿದ್ದೆ. ಈಗ ನನಗೆ ಮಂಡಿನೋವು, ನಿನ್ನನ್ನ ಬಚ್ಚಿಡೋಕಾಗಲ್ಲ. ಎದ್ದು ಹೋಗು.’

ಎದ್ದೆ. ಅಂಗಡಿಗೆ ಹೋದೆ. ಮಹಡಿ ಹತ್ತಲಿಲ್ಲ.

ಏಪ್ರಿಲ್ 28, ಭಾನುವಾರ

ಹೇಳಿದೆ.

ತಾರಸಿಯಲ್ಲಿ ಇವಳು ಮರಳು ಜರಡಿ ಹಿಡಿಯುತ್ತಿದ್ದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು. ‘ಮೊದಲನೇ ಸಲದ್ದೇ ನಿಜ ರೀ, ನನಗನಿಸ್ತಿದೆ. ಈ ಸಲ ಮರಳಲ್ಲಿ ಏನೋ ಆಗಿದೆ. ನಾಳೆ ಸಮಿತಿ ಮುಂದೆ ಮೊದಲನೆಯದನ್ನೇ ಇಡ್ತೀನಿ, ಗಟ್ಟಿಯಾಗಿ ನಿಲ್ತೀನಿ’ ಎಂದಳು.

‘ನಿಲ್ಲಬೇಡ’ ಎಂದೆ. ‘ನೀಲಿ ಕ್ಯಾನಿನದು ಮೂರನೇ ಸಾಲಿಗೆ ಹಾಕಿದ್ದೆ. ನಾನೇ.’

ಜರಡಿ ಆಡುತ್ತಲೇ ಇತ್ತು. ‘ಎಷ್ಟು ಸಲ?’

‘ಮೂರು.’

‘ಎಷ್ಟೆಷ್ಟು?’

ಹೇಳಿದೆ. ತಲೆಯಾಡಿಸಿದಳು, ಬಟ್ಟೆಯ ಅಳತೆ ಬರೆದುಕೊಳ್ಳುವವರ ಹಾಗೆ. ‘ಯಾಕೆ?’

‘ಎರಡು ದಿನ ನೀರು ಹಾಕೋದು ತಪ್ಪಿಸಿದ್ದೆ. ಆಮೇಲೆ ಹಳದಿ ಆಯ್ತು. ನನ್ನಿಂದಲೇ ಆಯ್ತು ಅಂದ್ಕೊಂಡೆ. ನೀನು ಬರೋದ್ರೊಳಗೆ ಸರಿಮಾಡೋಣ ಅಂತ...’

‘ನೀರು ತಪ್ಪಿದ್ರೆ ಗಿಡ ಬಾಡುತ್ತೆ ರೀ. ಹೀಗೆ ಹಳದಿ ಆಗಲ್ಲ.’ ದನಿ ಮೆತ್ತಗೇ ಇತ್ತು. ‘ನಿಮ್ಮದಲ್ಲದ ತಪ್ಪು ಮುಚ್ಚೋಕೆ ಹೋದ್ರಾ.’

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬರೀ ಪೆದ್ದನಾಗಿ ಉಳಿಯುತ್ತಿದ್ದೆ. ಇವಳೇ ಹಾಗೆ ಉಳಿಸಲು ತಯಾರಿದ್ದಳು.

‘ಮರಳು...’ ಎಂದೆ. ‘ನೀನು ಟೆಸ್ಟ್ ಮಾಡ್ತೀನಿ ಅಂದ್ಯಲ್ಲ. ಅದಕ್ಕೇ ತೊಳೆದೆ. ಬೇಕೂ ಅಂತ.’

ಆಗ ಜರಡಿ ನಿಂತಿತು. ನನ್ನ ಕೈ ನೋಡಿದಳು, ಅವತ್ತು ತಾನೇ ಎಣ್ಣೆ ಹಚ್ಚಿದ್ದ ಬೆರಳುಗಳನ್ನು. ಜರಡಿ ಕೆಳಗಿಟ್ಟಳು. ಕೈ ಕೊಡವಿಕೊಂಡಳು. ಇಳಿದು ಹೋದಳು. ನಾನು ಉಳಿದ ಮರಳನ್ನು ಜರಡಿ ಹಿಡಿದೆ. ಬೇರೇನು ಮಾಡಬೇಕು ಎಂದು ತೋಚಲಿಲ್ಲ.

ಏಪ್ರಿಲ್ 29, ಸೋಮವಾರ. ಬೆಳಿಗ್ಗೆ

ಸಮಿತಿಗೆ ಹೋದಳು. ನಾನು ಇಸ್ತ್ರಿ ಮಾಡಿಟ್ಟ ಸೀರೆ ಉಡಲಿಲ್ಲ. ಬೇರೆ ಉಟ್ಟಳು, ಸುಕ್ಕು ಇತ್ತು. ‘ಬರ್ಲಾ?’ ಎಂದೆ. ‘ಬೇಡ’ ಎಂದಳು.

ಸಂಜೆ

ಬಂದಳು. ಕೈಕಾಲು ತೊಳೆದು, ಮಾವನಿಗೆ ಫೋನು ಮಾಡಿ ಮಾತ್ರೆ ತೆಗೆದುಕೊಂಡರಾ ಎಂದು ಕೇಳಿ, ಆಮೇಲೆ ನನ್ನೆದುರು ಕೂತಳು. ಸುದ್ದಿ ಓದುವವರ ಹಾಗೆ ಹೇಳಿದಳು.

ಮೊದಲನೇ ಪ್ರಯೋಗ ರದ್ದು. ಎರಡನೆಯದು ಸರಿಯಿದೆ. ಹಳದಿ ಆಗಬೇಕಾದದ್ದು ಹಳದಿಯಾಗಿದೆ, ಹಸಿರಾಗಿರಬೇಕಾದದ್ದು ಹಸಿರಾಗಿದೆ. ಇವಳ ಬ್ಯಾಕ್ಟೀರಿಯಾ ನಿಜಕ್ಕೂ ಕೆಲಸ ಮಾಡುತ್ತೆ. ಇನ್ನೊಂದು ಸಲ ಮಾಡಿ ತೋರಿಸಬೇಕು, ಆಮೇಲೆ ಪ್ರಬಂಧ ಒಪ್ಪಿಸಬಹುದು. ಡಾಕ್ಟರೇಟು ತಡ, ಅಷ್ಟೇ. ಕೈತಪ್ಪಿಲ್ಲ.

‘ಮೇಡಂ?’

‘ಅವರ ಮುಖ ನೋಡೋಕಾಗ್ಲಿಲ್ಲ. ಎಲ್ಲರಿಗೂ ಫೋನು ಮಾಡಿದ್ರಲ್ಲ. ನೀಲಿ ಕ್ಯಾನಿನದು ಹೇಗೆ ಬಿತ್ತು ಅಂತ ಕೇಳಿದ್ರು. ಮೂರನೇ ಸಾಲು ಹಳದಿ ಆಗುತ್ತೆ, ಆಗ್ಲಿ ಬಿಡಿ ಅಂತ ನಾನು ನಮ್ಮನೆಯವರಿಗೆ ಹೇಳೇ ಇರ್ಲಿಲ್ಲ, ಅವರು ಸೊರಗಿದೆ ಅಂತ ಹಾಕಿದಾರೆ, ತಪ್ಪು ನನ್ನದು ಅಂದೆ. ಅದು ನಿಜ ತಾನೆ.’

‘ಗೊತ್ತಾಗಿದ್ದು ಹೇಗೆ ಅಂತ ಕೇಳ್ಲಿಲ್ವಾ?’

‘ಕೇಳಿದ್ರು.’ ಲೋಟ ಕೈಯಲ್ಲಿ ತಿರುಗಿಸಿದಳು. ‘ನಾನೇ ಕೇಳಿದೆ, ಅವರು ಕೇಳಿದ ಕೂಡ್ಲೇ ಹೇಳಿದ್ರು ಅಂದೆ.’

ಎದ್ದು ಒ​ಳಗೆ ಹೋದಳು.

ಕೂಡ್ಲೇ ಹೇಳಿದ್ರು. ತಕ್ಕಡಿಯಲ್ಲಿ ಒಂದು ಉಪ್ಪಿನ ಕಾಳು ಹೆಚ್ಚಾದರೂ ದ್ರಾವಣ ಚೆಲ್ಲಿ ಮತ್ತೆ ಮಾಡುವವಳು. ಎಷ್ಟೋ ಜನರ ಮುಂದೆ ನಿಂತು ಸುಳ್ಳು ಹೇಳಿದ್ದಾಳೆ. ನನ್ನ ಸುಳ್ಳು, ಇವಳ ಬಾಯಲ್ಲಿ. ನನ್ನ ಹೆಸರಿಗೆ ಕಪ್ಪು ಹತ್ತಬಾರದು ಎಂದು. ಇದನ್ನು ಯಾವ ನಲ್ಲಿಯ ಕೆಳಗೆ ಇಟ್ಟು ತೊಳೆಯಲಿ? ಅತ್ತೆ. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ.

ಮೇ 2, ಗುರುವಾರ. ಸಂಜೆ

ಇನ್ನೂ ಬೈದಿಲ್ಲ.

ಗ್ಯಾಸು ಮುಗೀತಾ ಬಂದಿದೆ ಅಂತಾಳೆ. ಅಕ್ಕನಿಗೆ ಮಂಡಿಗೆ ಎಣ್ಣೆ ತರಬೇಕು ಅಂತಾಳೆ. ‘ನಿಮಗೆ ಇನ್ನೊಂಚೂರು ಸಾರು ಹಾಕ್ಲಾ’ ಅಂತಾಳೆ, ಪಕ್ಕದ ಮನೆಯವರನ್ನು ಊಟಕ್ಕೆ ಕರೆದ ಹಾಗೆ. ನಿನ್ನೆ ಅಂಗಡಿಗೆ ಬಂದು ಮೂರನೇ ಸಲಕ್ಕೆ ನೀರು ಹಾಕಲು ಬೇರೆಯವರು ಸಿಕ್ಕಿದ್ದಾರೆ ಎಂದು ತಿಳಿಸಿ ಹೋದಳು. ನನ್ನ ಪಾಸು ವಾಪಸ್ ಕೊಡಬೇಕಂತೆ. ಕೊಟ್ಟೆ. ‘ಥ್ಯಾಂಕ್ಸ್’ ಎಂದಳು. ನನಗೆ! ಗಂಡನಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ?

ಮುಂಚೆಯೆಲ್ಲ ಟವೆಲ್ಲು ಹಾಸಿಗೆ ಮೇಲೆ ಬಿಟ್ಟರೆ ಬೀದಿಗೆ ಕೇಳಿಸುವ ಹಾಗೆ ಬೈಯುತ್ತಿದ್ದಳು. ಬೆಳಿಗ್ಗೆ ಬೇಕೆಂದೇ ಒದ್ದೆ ಟವೆಲ್ಲು ಹಾಸಿಗೆಯ ನಟ್ಟನಡುವೆ ಹಾಕಿದೆ. ಎತ್ತಿ, ಮಡಿಸದೆ, ತಂತಿಗೆ ಹಾಕಿದಳು. ತುಟಿ ಪಿಟಕ್ ಅನ್ನಲಿಲ್ಲ. ಅಕ್ಕ ಸಂಜೆ ಕೇಳಿದಳು — ‘ಬೈದ್ಲಾ?’ ‘ಇಲ್ಲ.’ ‘ಹಾಗಾದ್ರೆ ಇನ್ನೂ ಕ್ಷಮಿಸಿಲ್ಲ ಬಿಡು.’

ಮೆಟ್ಟಿಲ ಮೇಲೆ ಇವಳ ಹೆಜ್ಜೆ. ಅಂಗಡಿಯ ಕಡೆಗೇ ಬರುತ್ತಿದ್ದಾಳೆ. ಮೆಲ್ಲಗಲ್ಲ, ಧಡಧಡ. ಕೈಯಲ್ಲಿ ಏನೋ ಇದೆ. ಆ ಟವೆಲ್ಲೇ. ಬಾಗಿಲು ದೂಡಿದಳು. ಬಟ್ಟೆಯ ರಾಶಿಯನ್ನು ಕುರ್ಚಿಯಿಂದ ಕೆಳಗೆ ಎಳೆದು ಹಾಕಿ ಎದುರಿಗೇ ಕೂತಳು. ಮುಖ ಕೆಂಪಗಿದೆ. ಕಣ್ಣು ತುಂಬಿದೆ. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಾಳೆ.

‘ಆ ಬರೆಯೋದನ್ನ ನಿಲ್ಸಿ, ನನ್ನ ಮುಖ ನೋಡಿ’ ಅಂತಿದ್ದಾಳೆ. ಬೈ ಮಾರಾಯ್ತಿ, ಬಾಯಿ ತುಂಬ ಬೈ, ಕೆಳಮನೆಯ ಅಕ್ಕನಿಗೂ ಕೇಳಿಸೋ ಹಾ—